ಉತ್ತರ ಕನ್ನಡದ ಹಿತ್ತಲಲ್ಲಿ ತರಕಾರಿ: ಜಾಗ ನೋಡುವುದರಿಂದ ಬೀಜ ಎತ್ತಿಡುವವರೆಗೆ

ಕಾರವಾರ, ಕುಮಟಾ, ಹೊನ್ನಾವರದ ಕಡೆ ಮನೆಯಲ್ಲಿ ತರಕಾರಿ ಬೆಳೆಯಲು ಹೊರಟವರು ಹೆಚ್ಚಾಗಿ ಕೈಬಿಡುವುದು ಜುಲೈ ತಿಂಗಳಲ್ಲಿ. ಎಲ್ಲೋ ಒಣನಾಡಿನ ವಿಡಿಯೊ ನೋಡಿ ಟೊಮೆಟೊ, ದೊಣ್ಣೆಮೆಣಸು, ಕೊತ್ತಂಬರಿ ಹಾಕಿರುತ್ತಾರೆ. ಆರಿದ್ರಾ ಮಳೆ ಹಿಡಿದುಕೊಳ್ಳುತ್ತದೆ. ಎಲ್ಲ ಕೊಳೆತು ಹೋಗುತ್ತದೆ. "ನಮ್ಮ ಮಣ್ಣಿಗೆ ತರಕಾರಿ ಆಗೋದಿಲ್ಲ" ಅಂತ ಮಾತು ಮುಗಿಸಿಬಿಡುತ್ತಾರೆ. ಅದೇ ಜುಲೈನಲ್ಲಿ ಪಕ್ಕದ ಕೇರಿಯ ಅಜ್ಜಿಯ ಚಪ್ಪರದಲ್ಲಿ ಹೀರೆ, ಪಡವಲ, ಮೊಗೆಕಾಯಿ (ಮಂಗಳೂರು ಸೌತೆ) ಜೋತುಬಿದ್ದಿರುತ್ತವೆ.

ವ್ಯತ್ಯಾಸ ಇರುವುದು ಮಣ್ಣಿನಲ್ಲಲ್ಲ. ಅಜ್ಜಿ ಮಳೆಯ ಲೆಕ್ಕ ನೋಡಿ ಬೀಜ ಹಾಕಿದ್ದಾರೆ, ದಿನಾ ಹಿತ್ತಲಿಗೆ ಹೋಗಿ ನೋಡುತ್ತಾರೆ. ಕೈತೋಟದ ಖುಷಿ ಈ ಎರಡು ವಿಷಯದಲ್ಲೇ ಇದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಒಂದು, ನಮ್ಮ ಮಳೆ ಏನನ್ನು ಕೊಡುತ್ತದೋ ಅದನ್ನು ಬೆಳೆಯುವುದು. ಎರಡು, ದಿನಕ್ಕೆ ಹತ್ತು ನಿಮಿಷ ಗಿಡಗಳ ನಡುವೆ ನಿಂತು ನೋಡುವುದು. ಈ ಬರಹದಲ್ಲಿರುವ ಉಳಿದ ಕೆಲಸಗಳೆಲ್ಲ ಇವೆರಡಕ್ಕೆ ಅನುಕೂಲ ಮಾಡಿಕೊಡುವಂಥವು.

ಜಾಗ: ಚಿಕ್ಕದು, ಕಣ್ಣಿಗೆ ಬೀಳುವಂಥದ್ದು

ಮೊದಲ ವರ್ಷಕ್ಕೆ ಹತ್ತಡಿ ಉದ್ದ, ಮೂರಡಿ ಅಗಲದ ಎರಡು ಮಡಿ, ಒಂದು ಚಪ್ಪರ ಸಾಕು. ಅಗಲ ಮೂರಡಿಗಿಂತ ಜಾಸ್ತಿ ಬೇಡ. ಎರಡೂ ಕಡೆಯಿಂದ ಕೈ ನಡುವಿನವರೆಗೆ ಮುಟ್ಟಬೇಕು, ಮಡಿಯ ಮೇಲೆ ಕಾಲಿಡುವ ಹಾಗಾಗಬಾರದು. ಹಿತ್ತಿಲು ಎರಡು ಗುಂಟೆ ಇದ್ದರೂ ಪೂರ್ತಿ ಅಗೆಯಲು ಹೋಗಬೇಡಿ. ಕಳೆ ತೆಗೆಯುವುದರಲ್ಲೇ ಸಮಯ ಹೋದರೆ ಖುಷಿಯೂ ಅದರ ಜೊತೆ ಹೋಗುತ್ತದೆ.

ಅಡುಗೆಮನೆಯ ಬಾಗಿಲಿಂದ ಕಾಣುವ ಜಾಗ ಆರಿಸಿ. ಕಂಡರೆ ಹೋಗುತ್ತೀರಿ. ಹೋದರೆ ಎಲೆ ಮುದುರಿದ್ದು, ಹೂ ಬಿಟ್ಟಿದ್ದು ಗೊತ್ತಾಗುತ್ತದೆ. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಇಲ್ಲೊಂದು ವಿಷಯ ನೆನಪಿಡಿ. ನಮ್ಮ ಜಿಲ್ಲೆಯಲ್ಲಿ ಸುಮಾರು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಹಾಗಾಗಿ ಮನೆಯ ಉತ್ತರದ ಪಕ್ಕ ಮಳೆಗಾಲದ ಚಪ್ಪರಕ್ಕೆ ಸಾಕಾದರೂ ಡಿಸೆಂಬರ್ ಹೊತ್ತಿಗೆ ಅಲ್ಲಿ ನೆರಳು. ಚಳಿಗಾಲದ ಮಡಿ ದಕ್ಷಿಣಕ್ಕಿರಲಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಯ ಸುತ್ತ ಅಡಿಕೆಯ ನೆರಳು ಜಾಸ್ತಿ. ಅಲ್ಲಿ ಬೆಂಡೆಗೆ ಹಟ ಮಾಡಬೇಡಿ. ಕೆಸು, ಸುವರ್ಣಗಡ್ಡೆ, ಅರಿಶಿನ, ಶುಂಠಿ, ಒಂದೆಲಗ ಅಂಥ ಅರೆನೆರಳಲ್ಲೇ ಚೆನ್ನಾಗಿ ಬರುತ್ತವೆ. ಕಾರವಾರದ ಫ್ಲ್ಯಾಟ್‌ನಲ್ಲಿ ಇರುವವರಿಗೆ ತಾರಸಿ, ಬಾಲ್ಕನಿ ಇದೆ. ಹದಿನೈದು ಲೀಟರಿನ ಚೀಲ ಅಥವಾ ಹಳೇ ಬಕೆಟ್ ತಗೊಳ್ಳಿ. ಅಡಿಯಲ್ಲೂ ಬದಿಯಲ್ಲೂ ತೂತು ಮಾಡಿ, ಇಟ್ಟಿಗೆಯ ಮೇಲಿಡಿ. ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಸೇರಿಸಿ ತುಂಬಿ. ಸಮುದ್ರದ ಕಡೆಯಿಂದ ಉಪ್ಪುಗಾಳಿ ನೇರ ಬಡಿಯುವಲ್ಲಿ ಎಲೆಯ ಅಂಚು ಸುಡುತ್ತದೆ. ಆ ಕಡೆಗೊಂದು ನೆರಳುಬಲೆ ಕಟ್ಟಿ.

ಮಣ್ಣಿನ ಹುಳಿ ತೆಗೆಯಿರಿ

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಷ್ಟು ನೀರು ಹರಿದು ಹೋಗುವಾಗ ಮಣ್ಣಿನ ಸುಣ್ಣದ ಅಂಶವನ್ನೂ ತೊಳೆದುಕೊಂಡು ಹೋಗುತ್ತದೆ. ಅದಕ್ಕೇ ನಮ್ಮ ಜಂಬಿಟ್ಟಿಗೆಯ ಕೆಂಪು ಮಣ್ಣು ಹುಳಿಯಾಗಿರುತ್ತದೆ. ಹುಳಿ ಮಣ್ಣಲ್ಲಿ ಗೊಬ್ಬರ ಎಷ್ಟು ಹಾಕಿದರೂ ಗಿಡಕ್ಕೆ ಪೂರ್ತಿ ದಕ್ಕುವುದಿಲ್ಲ.

ಹತ್ತಡಿ ಉದ್ದದ ಮೂರಡಿ ಮಡಿಗೆ ಸುಮಾರು ಕಾಲು ಕೆಜಿ ಸುಣ್ಣದ ಪುಡಿ ಎರಚಿ, ಮೇಲ್ಮಣ್ಣಿನಲ್ಲಿ ಬೆರೆಸಿ. ನಮ್ಮ ಕಡೆ ಸಿಗುವ ಚಿಪ್ಪಿಸುಣ್ಣ ಆಗುತ್ತದೆ. ಬೀಜ ಹಾಕುವ ಎರಡು ವಾರ ಮೊದಲೇ ಈ ಕೆಲಸ ಮುಗಿಯಲಿ. ಸುಣ್ಣವನ್ನೂ ಸಗಣಿಗೊಬ್ಬರವನ್ನೂ ಒಂದೇ ದಿನ ಹಾಕಬೇಡಿ. ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಒಲೆಯ ಬೂದಿ ಇದ್ದವರು ಅದನ್ನು ಬಿಸಾಡಬೇಡಿ. ಬೂದಿ ಹುಳಿಯನ್ನೂ ತಗ್ಗಿಸುತ್ತದೆ, ಪೊಟ್ಯಾಷ್ ಕೂಡ ಕೊಡುತ್ತದೆ.

ಮಡಿಯ ಎತ್ತರ ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು. ಮಳೆಗಾಲಕ್ಕೆ ಒಂದಡಿ ಎತ್ತರದ ಏರುಮಡಿ, ಸುತ್ತ ನೀರು ಹರಿಯಲು ಕಾಲುವೆ. ಬೇಸಿಗೆಗೆ ಅದರ ತಿರುಗುಮುರುಗು, ನೆಲಮಟ್ಟಕ್ಕಿಂತ ಸ್ವಲ್ಪ ತಗ್ಗಿದ ಪಾತಿ. ಆಗ ಹಾಕಿದ ನೀರು ಅಲ್ಲೇ ನಿಲ್ಲುತ್ತದೆ. ವರ್ಷವಿಡೀ ಒಂದೇ ನಮೂನೆ ಮಡಿ ಇಟ್ಟುಕೊಂಡು ಮಳೆಗಾಲದಲ್ಲಿ ಕೊಳೆಯಿತು, ಬೇಸಿಗೆಯಲ್ಲಿ ಒಣಗಿತು ಅನ್ನುವವರು ತುಂಬಾ ಮಂದಿ.

ಗೊಬ್ಬರಕ್ಕೆ ಪೇಟೆಗೆ ಓಡಬೇಕಿಲ್ಲ

ಘಟ್ಟದ ಮೇಲಿನ ತೋಟಿಗರಿಗೆ ಸೊಪ್ಪಿನ ಬೆಟ್ಟ ಇದೆ. ಅಲ್ಲಿಂದ ತಂದ ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಟ್ಟಿಗೆಯಲ್ಲಿ ಹಾಸಿ, ಸಗಣಿ ಗಂಜಲದ ಜೊತೆ ಗುಂಡಿಗೆ ಹಾಕಿದರೆ ಅದಕ್ಕಿಂತ ಒಳ್ಳೆಯ ಗೊಬ್ಬರ ಇನ್ನೊಂದಿಲ್ಲ. ದನ ಇಲ್ಲದ ಮನೆಯವರು ಅಂಗಳದ ಒಣ ಎಲೆ ಮೂರು ಪಾಲು, ಅಡುಗೆಮನೆಯ ಹಸಿ ಕಸ ಒಂದು ಪಾಲು ಪದರಪದರವಾಗಿ ಹಾಕುತ್ತಾ ಬನ್ನಿ. ನಡುನಡುವೆ ಸಗಣಿನೀರು ಚಿಮುಕಿಸಿ, ಹದಿನೈದು ದಿನಕ್ಕೊಮ್ಮೆ ಮಗುಚಿ. ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆ ಬರುವ ಕಪ್ಪು ಗೊಬ್ಬರ ತಯಾರು. ಮಳೆಗಾಲದಲ್ಲಿ ಗುಂಡಿಯ ಮೇಲೆ ಮರೆ ಇರಲಿ, ಇಲ್ಲದಿದ್ದರೆ ಸಾರವೆಲ್ಲ ತೊಳೆದು ಹೋಗುತ್ತದೆ.

ಹಸಿ ಸಗಣಿಯನ್ನು ಮಾತ್ರ ಗಿಡದ ಬುಡಕ್ಕೆ ಹಾಕಬೇಡಿ. ಗೊಣ್ಣೆಹುಳು ಕರೆದ ಹಾಗಾಗುತ್ತದೆ.

ಬೆಳೆಯುವ ಗಿಡಕ್ಕೆ ಹದಿನೈದು ದಿನಕ್ಕೊಮ್ಮೆ ಜೀವಾಮೃತ ಅನ್ನುವ ದ್ರವಗೊಬ್ಬರ ಕೊಡಬಹುದು. ಮನೆ ಅಳತೆಗೆ 20 ಲೀಟರ್ ನೀರು, ಒಂದು ಕೆಜಿ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಅಥವಾ ಹುರುಳಿ ಹಿಟ್ಟು, ಒಂದು ಹಿಡಿ ತೋಟದ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕಲಕಿ. ಎರಡು ಮೂರು ದಿನಕ್ಕೆ ತಯಾರಾಗುತ್ತದೆ, ಒಂದು ವಾರದೊಳಗೆ ಮುಗಿಸಿ. ಮೀನು ತಿನ್ನುವ ಮನೆಗಳಲ್ಲಿ ಇನ್ನೊಂದು ದಾರಿಯಿದೆ. ಮೀನಿನ ತಲೆ, ಕರುಳು ಎಷ್ಟಿದೆಯೋ ಅಷ್ಟೇ ತೂಕದ ಬೆಲ್ಲ ಸೇರಿಸಿ, ಡಬ್ಬಿಯ ಬಾಯಿ ಸಡಿಲವಾಗಿ ಮುಚ್ಚಿ ಮೂರು ನಾಲ್ಕು ವಾರ ಇಡಿ. ಸೋಸಿದ ರಸವನ್ನು ಲೀಟರ್ ನೀರಿಗೆ ಐದು ಮಿಲಿಯಷ್ಟು ಬೆರೆಸಿ ಬುಡಕ್ಕೆ ಹಾಕಿ. ಸೊಪ್ಪಿನ ಗಿಡಗಳಿಗೆ ಇದು ಚೆನ್ನಾಗಿ ಹಿಡಿಯುತ್ತದೆ.

ಯಾವ ಮಳೆಗೆ ಏನು

ಇದೇ ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ವರ್ಷಕ್ಕೆ ಮೂರು ಸಲ ತರಕಾರಿ ಹಾಕಬಹುದು, ಮೂರರ ಸ್ವಭಾವವೂ ಬೇರೆ.

ಮೊದಲನೆಯದು ರೋಹಿಣಿ ಮಳೆಯ ಹೊತ್ತು, ಅಂದರೆ ಮೇ ಕೊನೆಯ ವಾರ. ಹೀರೆ, ಪಡವಲ, ಹಾಗಲ, ಮೊಗೆ, ಸೌತೆ, ಬೆಂಡೆ, ಅಲಸಂದೆ ಆಗ ಹಾಕಬೇಕು. ಜೋರು ಮಳೆ ಶುರುವಾಗುವ ಮುಂಚೆ ಗಿಡಕ್ಕೆ ನಾಲ್ಕೈದು ಎಲೆ ಬಂದಿದ್ದರೆ ಅದು ಮಳೆಯನ್ನು ತಡೆದುಕೊಳ್ಳುತ್ತದೆ. ಜೂನ್ ಮಧ್ಯದಲ್ಲಿ ಹಾಕಿದ ಬೀಜ ನೆಲದೊಳಗೇ ಕೊಳೆಯುವುದು ಜಾಸ್ತಿ. ತಡವಾಗಿದ್ದರೆ ಅಡಿಕೆ ಹಾಳೆಯ ತೊಟ್ಟೆಯಲ್ಲೋ ಕಾಗದದ ಲೋಟದಲ್ಲೋ ಮಾಡಿನ ಕೆಳಗೆ ಸಸಿ ಮಾಡಿಕೊಂಡು, ಮಳೆ ಹೊಳವಾದ ದಿನ ನೆಡಿ. ಬೆಂಡೆ ಬೀಜವನ್ನು ಹಿಂದಿನ ರಾತ್ರಿ ನೆನೆಸಿ. ಗಿಡದಿಂದ ಗಿಡಕ್ಕೆ ಒಂದಡಿ, ಸಾಲಿಂದ ಸಾಲಿಗೆ ಒಂದೂವರೆ ಅಡಿ ಬಿಡಿ. ಐವತ್ತು ದಿನದ ಸುಮಾರಿಗೆ ಕಾಯಿ ಶುರು. ಕೆಸು, ಅರಿಶಿನ, ಸುವರ್ಣಗಡ್ಡೆಯನ್ನೂ ಇದೇ ಹೊತ್ತಿಗೆ ನೆಟ್ಟುಬಿಡಿ. ಆಷಾಢದಲ್ಲಿ ಪತ್ರೊಡೆ, ಕರಕಲಿ ಮಾಡಲು ಕೆಸುವಿನ ಎಲೆ ಸಿಗುತ್ತದೆ.

ಎರಡನೆಯದು ಮಳೆ ಹಿಂದೆ ಸರಿದ ಮೇಲೆ. ದಸರಾದಿಂದ ದೀಪಾವಳಿಯೊಳಗೆ ಸಸಿಮಡಿ ಮಾಡಿ. ಟೊಮೆಟೊ, ಬದನೆ, ಮೆಣಸು, ಮೂಲಂಗಿ, ಕೊತ್ತಂಬರಿ, ಹೂಕೋಸು, ಬೀನ್ಸ್ ಎಲ್ಲದಕ್ಕೂ ಇದೇ ಕಾಲ. ಜುಲೈನಲ್ಲಿ ಸೋತವರು ಅದೇ ಟೊಮೆಟೊವನ್ನು ನವೆಂಬರ್‌ನಲ್ಲಿ ನೆಟ್ಟು ನೋಡಿ. ಹಗಲು ಬಿಸಿಲು, ರಾತ್ರಿ ತಂಪು, ಎಲೆಯ ಮೇಲೆ ಮಳೆನೀರು ನಿಲ್ಲುವುದಿಲ್ಲ, ರೋಗ ಕಡಿಮೆ. ಕುಮಟಾದ ಸಿಹಿ ಈರುಳ್ಳಿ ಕೂಡ ಚಳಿಗಾಲದ ಬೆಳೆಯೇ. ಬೇಸಿಗೆ ಬಂತೆಂದರೆ ಅಳ್ವೇಕೋಡಿ, ಹಂದಿಗೋಣದ ಕಡೆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿರುತ್ತಾರಲ್ಲ, ಅದೇ. ಮರಳು ಬೆರೆತ ಮಣ್ಣು ಇರುವವರು ಒಂದು ಸಣ್ಣ ಮಡಿಯಲ್ಲಿ ಮಾಡಿ ನೋಡಬಹುದು.

ಮೂರನೆಯದು ಬೇಸಿಗೆ. ಹರಿವೆ, ಬಸಳೆ, ಬೆಂಡೆ, ಸೌತೆ. ಕೆಂಪು ಹರಿವೆ ಇಪ್ಪತ್ತೈದು ಮೂವತ್ತು ದಿನಕ್ಕೆ ಕೀಳಲು ಬರುತ್ತದೆ, ಹೊಸಬರಿಗೆ ಇದಕ್ಕಿಂತ ಧೈರ್ಯ ಕೊಡುವ ಬೆಳೆ ನನಗೆ ಗೊತ್ತಿಲ್ಲ. ಬೀಜ ಸಾಸಿವೆಗಿಂತ ಸಣ್ಣ, ಒಣಮರಳಿನಲ್ಲಿ ಬೆರೆಸಿ ಎರಚಿ. ಇರುವೆ ಹೊತ್ತುಕೊಂಡು ಹೋಗದ ಹಾಗೆ ಸುತ್ತ ಅರಿಶಿನ ಪುಡಿ ಉದುರಿಸಿ. ಬೇಸಿಗೆಯ ಮಡಿಗೆ ದರಕು ಅಥವಾ ಅಡಿಕೆ ಸೋಗೆ ಮುಚ್ಚಿಗೆ ಹಾಕಲೇಬೇಕು, ನೀರು ಅರ್ಧಕ್ಕರ್ಧ ಉಳಿಯುತ್ತದೆ ಅನ್ನಿಸುವಷ್ಟು ವ್ಯತ್ಯಾಸ ಕಾಣುತ್ತದೆ. ಕಾಳಿ, ಅಘನಾಶಿನಿ ಅಳಿವೆಯ ಹತ್ತಿರದ ಬಾವಿಗಳಲ್ಲಿ ಏಪ್ರಿಲ್ ಮೇ ಹೊತ್ತಿಗೆ ನೀರು ಉಪ್ಪಾಗುವುದುಂಟು. ನಾಲಿಗೆಗೆ ಉಪ್ಪು ಗೊತ್ತಾದರೆ ಎಲೆಯ ಮೇಲೆ ಸುರಿಯಬೇಡಿ, ಬುಡಕ್ಕೆ ಮಾತ್ರ ಹಾಕಿ. ಬೀನ್ಸ್ ಅಂತೂ ಆ ನೀರಿಗೆ ಬೇಡವೇ ಬೇಡ.

ಬಸಳೆ, ತೊಂಡೆಗೆ ಬೀಜ ಹುಡುಕಬೇಡಿ, ಬಳ್ಳಿಯ ತುಂಡು ಸಾಕು. ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗೆಣ್ಣಿನ ತುಂಡು ತನ್ನಿ. ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಅದಕ್ಕೆ ಕಾಯಿ ಬಿಟ್ಟದ್ದನ್ನು ಕಣ್ಣಾರೆ ನೋಡಿದ ಬಳ್ಳಿಯಿಂದಲೇ ತನ್ನಿ. "ಅಕ್ಕಾ, ತೊಂಡೆ ಬಳ್ಳಿ ಒಂದು ತುಂಡು ಕೊಡ್ತೀರಾ?" ಅಂತ ಕೇಳಿದರೆ ಇಲ್ಲ ಅನ್ನುವವರು ನಮ್ಮೂರುಗಳಲ್ಲಿ ಅಪರೂಪ. ತುಂಡಿನ ಜೊತೆ ಅರ್ಧ ಗಂಟೆ ಸಲಹೆಯೂ ಸಿಗುತ್ತದೆ. ಅಂಕೋಲಾ, ಕುಮಟಾ, ಗೋಕರ್ಣದ ಪೇಟೆಗೆ ಸ್ವಂತ ಬೆಳೆದ ತರಕಾರಿ ತರುವ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರ ಹತ್ತಿರ ಮಾತಾಡಿ. ಈ ಮಣ್ಣಿನಲ್ಲಿ ಯಾವಾಗ ಏನು ಹಾಕಬೇಕು ಅನ್ನುವುದು ಅವರಿಗೆ ಬಾಯಿಪಾಠ.

ಚಪ್ಪರ ಮತ್ತು ಹೂವಿನ ಕೆಲಸ

ಚಪ್ಪರ ನಿಮ್ಮ ತಲೆಗಿಂತ ಅರ್ಧ ಅಡಿ ಎತ್ತರ ಇರಲಿ. ಕಂಬಕ್ಕೆ ಬಿದಿರು ಅಥವಾ ಗೊಬ್ಬರಗಿಡದ (ಗ್ಲಿರಿಸಿಡಿಯಾ) ಗೂಟ, ಮೇಲೆ ಅಡಿಕೆ ಮರ ಸೀಳಿದ ದಬ್ಬೆ, ಅದರ ಮೇಲೆ ಹುರಿ. ಬಳ್ಳಿ ಚಪ್ಪರ ಮುಟ್ಟುವವರೆಗೆ ಪಕ್ಕದ ಕುಡಿಗಳನ್ನು ಚಿವುಟಿ, ಒಂದೇ ಕಾಂಡ ಬಿಡಿ. ಮೇಲೆ ಹೋದ ಮೇಲೆ ತುದಿ ಚಿವುಟಿದರೆ ಕವಲೊಡೆದು ಹರಡುತ್ತದೆ.

ಈಗ ಎಲ್ಲರೂ ಗಾಬರಿಯಾಗುವ ಘಟ್ಟ ಬರುತ್ತದೆ. ಬಳ್ಳಿ ತುಂಬಾ ಹೂ, ಒಂದೂ ಕಾಯಿ ಇಲ್ಲ. ಹೂವಿನ ಹಿಂದೆ ನೋಡಿ. ಬರೀ ತೊಟ್ಟು ಇದ್ದರೆ ಗಂಡು ಹೂ, ಪುಟ್ಟ ಕಾಯಿಯ ಆಕಾರ ಇದ್ದರೆ ಹೆಣ್ಣು ಹೂ. ಸಾಮಾನ್ಯವಾಗಿ ಗಂಡು ಹೂಗಳೇ ಮೊದಲು ಬರುತ್ತವೆ, ಒಂದೆರಡು ವಾರದ ಮೇಲೆ ಹೆಣ್ಣು ಹೂ. ತಾಳ್ಮೆ ಅನ್ನುವುದನ್ನು ಹೀರೆ ಬಳ್ಳಿಯಷ್ಟು ಚೆನ್ನಾಗಿ ಯಾರೂ ಕಲಿಸುವುದಿಲ್ಲ.

ಹೆಣ್ಣು ಹೂ ಬಂದರೂ ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಪರಾಗ ಸಿಕ್ಕಿಲ್ಲ ಅಂತ ಅರ್ಥ. ಹಗಲಿಡೀ ಮಳೆ ಹೊಯ್ಯುವಾಗ ತುಡುವೆ, ಮಿಸ್ರಿ ಜೇನುಗಳು ಗೂಡು ಬಿಟ್ಟು ಬರುವುದು ಕಡಿಮೆ. ಆಗ ಆ ಕೆಲಸ ನಾವು ಮಾಡಬೇಕು. ಆಗತಾನೇ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಹೊತ್ತು ಗೊತ್ತಿರಬೇಕು. ಸೌತೆ, ಕುಂಬಳ ಅರಳುವುದು ಬೆಳಿಗ್ಗೆ ಬೇಗ. ಹೀರೆ ಅರಳುವುದು ಸಂಜೆ, ಪಡವಲ ಕತ್ತಲಾದ ಮೇಲೆ. ಬೆಳಿಗ್ಗೆ ಎದ್ದು ಹೀರೆ ಹೂ ಹುಡುಕಿದರೆ ಮುದುರಿದ್ದೇ ಸಿಗುತ್ತದೆ. ಸಂಜೆಯ ಚಹಾ ಮುಗಿಸಿ ಚಪ್ಪರದ ಕೆಳಗೆ ನಿಂತು ಒಂದೊಂದೇ ಹೂ ಸವರುವುದು, ನಾಲ್ಕು ದಿನ ಬಿಟ್ಟು ಆ ಕಾಯಿ ಉದ್ದವಾದದ್ದು ನೋಡುವುದು, ಇದನ್ನು ಮಕ್ಕಳ ಕೈಯಲ್ಲಿ ಮಾಡಿಸಿ. ಅವರು ಆ ಹೀರೆಕಾಯಿ ಪಲ್ಯ ಬೇಡ ಅನ್ನುವುದಿಲ್ಲ.

ಹುಳು, ರೋಗ, ಮಂಗ

ಹೀರೆ, ಹಾಗಲ, ಸೌತೆಯ ಎಳೆಕಾಯಿ ಸೊಟ್ಟಗಾಗಿ ಒಳಗೆ ಹುಳ ಕಂಡರೆ ಅದು ಹಣ್ಣುನೊಣದ ಕೆಲಸ. ಅಂಗಡಿಯಲ್ಲಿ ಮಾವಿಗೆ ಕೊಡುವ ಮಿಥೈಲ್ ಯುಜೆನಾಲ್ ಬಲೆ ಇದಕ್ಕೆ ನಡೆಯುವುದಿಲ್ಲ. ತರಕಾರಿ ನೊಣಕ್ಕೆ ಕ್ಯೂ-ಲೂರ್ ಬಲೆ ಅಂತಲೇ ಕೇಳಿ ತನ್ನಿ. ಹೂ ಬಾಡಿದ ಕೂಡಲೇ ಎಳೆಕಾಯಿಗೆ ಕಾಗದದ ಅಥವಾ ಬಟ್ಟೆಯ ಚೀಲ ಕಟ್ಟುವುದು ಇನ್ನೂ ಒಳ್ಳೆಯದು. ಹಾಳಾದ ಕಾಯಿಯನ್ನು ಗೊಬ್ಬರಗುಂಡಿಗೆ ಹಾಕಬೇಡಿ, ಬಿಸಿನೀರಿಗೆ ಹಾಕಿ ಹುಳ ಸಾಯಿಸಿ.

ಮಳೆಗಾಲದ ರಾತ್ರಿ ಬಸವನಹುಳುಗಳು ಒಂದೇ ಸಲಕ್ಕೆ ಸಸಿಮಡಿ ಬೋಳಿಸುತ್ತವೆ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಡಿ, ಬೆಳಿಗ್ಗೆ ಅಲ್ಲೇ ಸೇರಿಕೊಂಡಿರುತ್ತವೆ. ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ. ಅಲಸಂದೆಯ ಕುಡಿಗೆ ಹೇನು ಹತ್ತಿದರೆ ಮೊದಲು ನೀರು ಜೋರಾಗಿ ಚಿಮ್ಮಿಸಿ ನೋಡಿ. ಹೋಗದಿದ್ದರೆ ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಸ್ವಲ್ಪ ಸಾಬೂನು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ.

ಬದನೆ, ಟೊಮೆಟೊ, ಮೆಣಸು ಹಸಿರಾಗಿರುವಾಗಲೇ ದಿಢೀರನೆ ಸೊರಗಿದರೆ ಕಾಂಡ ಕೊಯ್ದು ಒಂದು ಲೋಟ ತಿಳಿನೀರಲ್ಲಿ ಇಳಿಬಿಡಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ನಮ್ಮ ಹುಳಿಮಣ್ಣಲ್ಲಿ ಇದು ಮಾಮೂಲಿ. ಔಷಧಿಗೆ ದುಡ್ಡು ಸುರಿಯಬೇಡಿ. ಗಿಡ ಬೇರುಸಮೇತ ಕಿತ್ತು ಸುಡಿ, ಆ ಜಾಗದಲ್ಲಿ ಮೂರು ವರ್ಷವಾದರೂ ಈ ಜಾತಿಯ ಯಾವ ಗಿಡವನ್ನೂ ಹಾಕಬೇಡಿ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಈ ರೋಗ ತಡೆದುಕೊಳ್ಳುತ್ತದೆ. ಸುಂಡೆ ಗಿಡಕ್ಕೆ ಕಸಿ ಕಟ್ಟಿದ ಬದನೆಯೂ ಆಗುತ್ತದೆ. ಅನುಮಾನ ಇದ್ದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡ ತೆಗೆದುಕೊಂಡು ಹೋಗಿ ತೋರಿಸಿ.

ಮಂಗಗಳಿಗೆ ಪೂರ್ತಿ ಪರಿಹಾರ ಇಲ್ಲ. ಮಂಗ ಜಾಸ್ತಿ ಇರುವಲ್ಲಿ ಹಾಗಲ, ಕೆಸು, ಸುವರ್ಣಗಡ್ಡೆ, ಅರಿಶಿನದ ಪಾಲು ಹೆಚ್ಚಿಸಿ. ಕರಾವಳಿಯಲ್ಲಿ ಮೀನುಗಾರರ ಹತ್ತಿರ ಹಳೇ ಬಲೆ ಸಿಗುತ್ತದೆ, ಬೇಲಿಗೆ ಒಳ್ಳೆಯದು. ಅದನ್ನು ಬಿಗಿಯಾಗಿ ಎಳೆದು, ನೆಲದಿಂದ ಒಂದು ಗೇಣು ಮೇಲೆ ಕಟ್ಟಿ. ಸಡಿಲ ಬಿಟ್ಟರೆ ಹಾವುಗಳು ಸಿಕ್ಕಿಕೊಂಡು ಸಾಯುತ್ತವೆ.

ದಿನಕ್ಕೆ ಹತ್ತು ನಿಮಿಷ

ಹೊತ್ತು ಗೊತ್ತುಮಾಡಿಕೊಳ್ಳಿ. ಫೋನ್ ಒಳಗೇ ಇರಲಿ. ಮೊದಲ ಐದು ನಿಮಿಷ ಏನೂ ಮಾಡದೆ ಬರೀ ನೋಡಿ. ಎಲೆಯ ಅಡಿಭಾಗ, ಕುಡಿ, ಬುಡ. ಆಮೇಲೆ ಕಳೆ ಕೀಳುವುದೋ ಬಳ್ಳಿ ಕಟ್ಟುವುದೋ ಒಂದೇ ಒಂದು ಕೆಲಸ. ಹೀಗೆ ನೋಡುವ ಕಣ್ಣು ನಿಧಾನಕ್ಕೆ ಬೆಳೆಯುತ್ತದೆ. ನೀರು ಬೇಕಾಗಿ ಬಾಡಿದ ಎಲೆಗೂ, ಮಧ್ಯಾಹ್ನದ ಬಿಸಿಲಿಗೆ ಜೋತ ಎಲೆಗೂ ವ್ಯತ್ಯಾಸ ಕಾಣತೊಡಗುತ್ತದೆ. ಈ ಗಮನ ಹಿತ್ತಲಲ್ಲೇ ಉಳಿಯುವುದಿಲ್ಲ. ಮನೆಯವರ ಮುಖ ಬಾಡಿದ್ದೂ ಮೊದಲಿಗಿಂತ ಬೇಗ ಗೊತ್ತಾಗುತ್ತದೆ.

ಒಂದು ಪುಸ್ತಕ ಇಡಿ. ದಿನಾಂಕ, ಯಾವ ಮಳೆ ನಕ್ಷತ್ರ, ಏನು ಹಾಕಿದಿರಿ, ಬೀಜ ಯಾರು ಕೊಟ್ಟರು, ಮೊದಲ ಕಾಯಿ ಯಾವತ್ತು, ಏನು ಸತ್ತಿತು. ಸತ್ತದ್ದನ್ನು ಬರೆಯಲೇಬೇಕು. ಎರಡು ವರ್ಷ ಬರೆದರೆ ನಿಮ್ಮ ಹಿತ್ತಲಿಗೆ ಅದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಬೇರೆ ಇರುವುದಿಲ್ಲ. ಏನಾದರೂ ಕೈಕೊಟ್ಟಾಗ ಮನಸ್ಸು ಕುಗ್ಗುವುದೂ ಕಡಿಮೆಯಾಗುತ್ತದೆ. ಯಾಕೆಂದರೆ ಹೋದ ವರ್ಷ ಇದೇ ಹೊತ್ತಿಗೆ ಬೆಂಡೆ ಹೋಗಿ ಅಲಸಂದೆ ಬಂದದ್ದು ಪುಟದಲ್ಲೇ ಇರುತ್ತದೆ.

ಕಾಯಿ ಬರುವಾಗ ಒಟ್ಟಿಗೇ ಬರುತ್ತದೆ. ಒಂದೇ ವಾರ ಹತ್ತು ಸೌತೆಕಾಯಿ ಆದರೆ ತೆಳ್ಳೇವು (ತೆಳು ದೋಸೆ) ಮಾಡಿ, ಉಳಿದದ್ದು ಹಂಚಿ. ಹಂಚಿದ ಮನೆಯಿಂದ ಪಾತ್ರೆ ಖಾಲಿ ವಾಪಸ್ ಬರುವುದಿಲ್ಲ ಅನ್ನುವುದು ನಮ್ಮ ಕಡೆಯ ರೂಢಿ. ಬಲಿತ ಮೊಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ, ಹುಳಿಗೆ ಬೇಕಾದಾಗ ಇಳಿಸಬಹುದು.

ಬೀಜ ಎತ್ತಿಡುವುದು

ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅವರ ಹೆಸರು ಎಲ್ಲರೂ ಕೇಳಿದ್ದೀರಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದವರು, 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕಾಡಿನಲ್ಲಿ ಯಾವುದು ಒಳ್ಳೆಯ ತಾಯಿಮರ ಎಂದು ಗುರುತಿಸಿ ಅದರ ಬೀಜ ತರುವುದರಲ್ಲಿ ಅವರು ಎತ್ತಿದ ಕೈ. ತರಕಾರಿಗೂ ಅದೇ ನಿಯಮ. ಅಡುಗೆಗೆ ಕೊಯ್ದು ಉಳಿದ ಕಾಯಿಯನ್ನು ಬೀಜಕ್ಕೆ ಬಿಡುವುದಲ್ಲ. ಎಲ್ಲಕ್ಕಿಂತ ಗಟ್ಟಿಯಾದ, ರೋಗ ಬಾರದ ಗಿಡವನ್ನು ಮೊದಲೇ ಆರಿಸಿ, ಅದರ ಒಳ್ಳೆಯ ಎರಡು ಕಾಯಿಗೆ ದಾರ ಕಟ್ಟಿ ಗುರುತು ಮಾಡಿ. ಮನೆಯಲ್ಲಿ ಎಲ್ಲರಿಗೂ ಹೇಳಿಡಿ, ಇಲ್ಲದಿದ್ದರೆ ಯಾರಾದರೂ ಕೊಯ್ದುಬಿಡುತ್ತಾರೆ.

ಹೀರೆ, ಬೆಂಡೆ, ಅಲಸಂದೆ ಬಳ್ಳಿಯಲ್ಲೇ ಪೂರ್ತಿ ಒಣಗಲಿ. ಸೌತೆ, ಮೊಗೆ ಹಣ್ಣಾಗಿ ಬಣ್ಣ ತಿರುಗಬೇಕು. ಬೀಜ ತೊಳೆದು, ಬೂದಿ ಸವರಿ, ನೆರಳಲ್ಲಿ ಒಣಗಿಸಿ. ಸೌತೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಬಡಿದಿಡುವ ಹಳೇ ಪದ್ಧತಿ ಈಗಲೂ ಚೆನ್ನಾಗಿಯೇ ನಡೆಯುತ್ತದೆ. ನಮ್ಮ ಮಳೆಗಾಲದ ತೇವವೇ ಬೀಜದ ದೊಡ್ಡ ಶತ್ರು. ಗಾಜಿನ ಬಾಟಲಿಯಲ್ಲಿ ಬೂದಿಯ ಜೊತೆ ಹಾಕಿ, ಬಾಯಿ ಬಿಗಿದು, ಹೆಸರು ವರ್ಷ ಬರೆದಿಡಿ. ಅರ್ಕಾ ರಕ್ಷಕ್‌ನಂಥ ಹೈಬ್ರಿಡ್ ತಳಿಯ ಬೀಜ ಎತ್ತಿಟ್ಟರೆ ಮುಂದಿನ ವರ್ಷ ತಾಯಿಯಂಥ ಗಿಡ ಬರುವುದಿಲ್ಲ. ಎತ್ತಿಡಲು ಊರ ತಳಿಗಳೇ ಬೇಕು. ಅವು ಬೇಕಾದವರು ಶಿರಸಿಯ ವನಸ್ತ್ರೀ ಸಂಘದವರನ್ನು ನೋಡಿ. 2001ರಿಂದ ಮಲೆನಾಡಿನ ಹೆಂಗಸರು ಕೂಡಿ ಹಿತ್ತಲ ಬೀಜಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಅವರ ಮಲೆನಾಡು ಮೇಳದಲ್ಲಿ ಪೇಟೆಯಲ್ಲಿ ಕಾಣದ ತಳಿಗಳು ಸಿಗುತ್ತವೆ.

ಮೇ ಮೊದಲ ವಾರ ಬಾಟಲಿ ತೆಗೆದು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಇಡಿ. ವಾರದೊಳಗೆ ಏಳೆಂಟು ಮೊಳೆತರೆ ಸರಿ. ಐದೇ ಬಂದರೆ ಕುಣಿಗೆ ಎರಡರ ಬದಲು ನಾಲ್ಕು ಬೀಜ ಹಾಕಿ. ಅದಕ್ಕೂ ಕಡಿಮೆಯಾದರೆ ರೋಹಿಣಿಗೆ ಇನ್ನೂ ಎರಡು ವಾರ ಇರುತ್ತದೆ, ಪಕ್ಕದ ಮನೆಯವರನ್ನು ಕೇಳಿಕೊಂಡು ಬನ್ನಿ.